ಬಾಣಂತನದ ನುಡಿ ಮತ್ತು ಹೆರಿಗೆ ವಾರ್ಡಿನ ಶುಶ್ರೂಷೆ

ಕನ್ನಡ ಜನಪದರಲ್ಲಿ ಬಾಣಂತನವೆಂಬುದು ಹೆತ್ತವಳನ್ನು ಒಂಟಿಯಾಗಿ ಬಿಡದೆ ಕಾಯುವ ಒಂದು ಕ್ರಮಬದ್ಧ ವ್ಯವಸ್ಥೆ. ಸೂಲಗಿತ್ತಿಯೂ ತವರಿನ ಹಿರಿಯ ಹೆಂಗಸರೂ ಇದರ ಹೊಣೆ ಹೊರುತ್ತಿದ್ದರು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆರೋಗ್ಯ ಸಂಸ್ಥೆಗಳಲ್ಲಿ ನಡೆದಿವೆ. ಹೆರಿಗೆಯ ತಾಣ ಬದಲಾದರೂ ಬಾಣಂತನದ ನುಡಿ ಉಳಿದುಬಂದಿದೆ.

ಹೆರಿಗೆಯ ನಂತರದ ಮೊದಲ 24 ಗಂಟೆಗಳು ನಿರ್ಣಾಯಕವಾದವು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯ ಪ್ರಕಾರ ಈ ಅವಧಿಯಲ್ಲಿ ರಕ್ತಸ್ರಾವ, ಗರ್ಭಕೋಶದ ಬಿಗಿತ, ಮೈಶಾಖ, ನಾಡಿಬಡಿತಗಳನ್ನು ತಪ್ಪದೆ ಪರೀಕ್ಷಿಸಬೇಕು. 6 ಗಂಟೆಗಳೊಳಗೆ ಮೂತ್ರವಿಸರ್ಜನೆಯಾದುದನ್ನು ದಾಖಲಿಸಬೇಕು. ಎರಡು ತಪಾಸಣೆಗಳ ನಡುವೆ ಹಾಸಿಗೆಯ ಬಳಿ ಇರುವವಳು ಸಾಮಾನ್ಯವಾಗಿ ಬಾಣಂತಿಯ ತಾಯಿ ಅಥವಾ ಅತ್ತೆ. ಆಕೆ ತಾನು ಕಂಡ ಬದಲಾವಣೆಯನ್ನು ‘ನಂಜಾಗಿದೆ’, ‘ಸನ್ನಿ ಹಿಡಿದಂತಿದೆ’ ಎಂದು ಹೇಳುತ್ತಾಳೆ. ನಂಜು ಎಂಬ ಮಾತಿನ ಹಿಂದೆ ಬಾವು, ಕೀವು, ಸೋಂಕು ಇರಬಹುದು. ಬಾಣಂತಿಸನ್ನಿ ಎಂಬುದರ ಹಿಂದೆ ತೀವ್ರ ಜ್ವರ, ನಡುಕ, ಬಡಬಡಿಕೆ ಇರಬಹುದು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದಲ್ಲಿ ಅಪಾಯದ ಮೊದಲ ಸೂಚನೆಯೇ ಕೈತಪ್ಪುತ್ತದೆ.

ಹಾಗೆಂದು ರೂಢಿಯಲ್ಲಿರುವುದೆಲ್ಲವೂ ಗ್ರಾಹ್ಯವಲ್ಲ. ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ಕುಡಿಯುವ ನೀರನ್ನು ಮಿತಗೊಳಿಸುವುದು ಹಾನಿಕರ. ಇಂಥವನ್ನು ಬಿಡಿಸಲು ಗದರಿಕೆಗಿಂತ, ಮನೆಯವರ ಮಾತಿನಲ್ಲೇ ನೀಡುವ ತಿಳಿವಳಿಕೆ ಹೆಚ್ಚು ಫಲಕಾರಿ. ಆದುದರಿಂದ ಆಯಾ ಪ್ರದೇಶದ ಬಾಣಂತನದ ಪದಗಳ ಪರಿಚಯವು ಶುಶ್ರೂಷಾ ಶಿಕ್ಷಣದ ಭಾಗವಾಗಬೇಕು. ಅಂತಹ ಪದಕೋಶವನ್ನು ಸಿದ್ಧಪಡಿಸುವುದು ಜಾನಪದ ವಿದ್ವಾಂಸರ ಹೊಣೆಯಾಗಿದೆ.