ಕಾಲ್ಟುಂಗೊ ಹಾವಿಗೆ ಕೋಸ್ಟರಿಕಾ ಕುದುರೆ

ಪಶ್ಚಿಮ ಆಫ್ರಿಕಾದ ರೈತರನ್ನು ಬಹಳವಾಗಿ ಕಾಡುವ ಹಾವು ಹೆಡೆ ಎತ್ತುವುದಿಲ್ಲ, ಅಟ್ಟಿಸಿಕೊಂಡು ಬರುವುದೂ ಇಲ್ಲ. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚಿರಬಹುದು, ಅಷ್ಟೆ. ಮಣ್ಣಿನದೇ ಬಣ್ಣ, ಮೈಮೇಲೆ ಕಣ್ಣಿನಂಥ ಬಿಳಿ ಮಚ್ಚೆಗಳು. ಕಾರ್ಪೆಟ್ ವೈಪರ್ ಎಂದು ಕರೆಸಿಕೊಳ್ಳುವ ಈ ಹಾವಿಗೆ ವಿಜ್ಞಾನಿಗಳಿಟ್ಟ ಹೆಸರು ಎಕಿಸ್ ಒಸೆಲ್ಲೇಟಸ್. ನಮ್ಮ ಬಯಲುಸೀಮೆಯ ಕಲ್ಲುಗುಡ್ಡೆ, ಕುರುಚಲು ಕಾಡುಗಳಲ್ಲಿ ಸಿಗುವ ಗರಗಸ ಮಂಡಲದ ದಾಯಾದಿ ಇದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಅನ್ನಿಸುತ್ತದೆ. ಆದರೆ ನಮ್ಮದು ಮರಿ ಹಾಕುತ್ತದೆ, ಅದು ಮೊಟ್ಟೆ ಇಡುತ್ತದೆ. ವಿಷದಲ್ಲಂತೂ ಇನ್ನೂ ದೊಡ್ಡ ವ್ಯತ್ಯಾಸವಿದೆ. ಆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ತಿಳಿಯುವ ಹೊತ್ತಿಗೆ ಘಾನಾದ ಹಳ್ಳಿಗಾಡಿನಲ್ಲಿ ಹಲವರ ಜೀವ ಹೋಗಿತ್ತು.

ಇದು ರಾತ್ರಿ ಓಡಾಡುವ ಹಾವು. ಹಗಲಲ್ಲಿ ಕಲ್ಲಿನ ಸಂದಿಯಲ್ಲೋ ಒಣಹುಲ್ಲಿನ ಅಡಿಯಲ್ಲೋ ಬಿದ್ದಿರುತ್ತದೆ. ಕೆಣಕಿದರೆ ಓಡುವುದಕ್ಕಿಂತ ನಿಂತಲ್ಲೇ ನಿಲ್ಲುವುದು ಹೆಚ್ಚು. ಮೈಯನ್ನು ಅರ್ಧಚಂದ್ರದಂತೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡು, ಪಕ್ಕೆಯ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜುತ್ತದೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂಥ ಸದ್ದು ಬರುತ್ತದೆ. ಅಷ್ಟು ಎಚ್ಚರಿಕೆ ಕೇಳಿಸಿಕೊಂಡವರು ಬದುಕಿಕೊಂಡರು. ಆದರೆ ಸವನ್ನಾ ಸೀಮೆಯಲ್ಲಿ ಮೊದಲ ಮಳೆ ಬಿದ್ದಾಗ ರೈತರು ಗಿಡ್ಡ ಹಿಡಿಯ ಗುದ್ದಲಿ ಹಿಡಿದು ನೆಲಕ್ಕೆ ಬಾಗುತ್ತಾರೆ. ಕೈ ಕಾಲುಗಳೆರಡೂ ಹಾವಿನ ಮಟ್ಟಕ್ಕೆ ಇಳಿದಿರುತ್ತವೆ. ಈಶಾನ್ಯ ನೈಜೀರಿಯಾದ ಗೊಂಬೆ ರಾಜ್ಯದ ಕಾಲ್ಟುಂಗೊ ಎಂಬ ಊರಿನ ಆಸ್ಪತ್ರೆಗೆ ಆ ದಿನಗಳಲ್ಲಿ ಬರುವವರ ಸಾಲು ನಿಲ್ಲುವುದಿಲ್ಲ. ಹಾವು ಕಡಿತಕ್ಕೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಜನರನ್ನು ನೋಡುವ ಆಸ್ಪತ್ರೆ ಅದು.

ಕಚ್ಚಿದ ಜಾಗ ಉರಿದು ಊದಿಕೊಳ್ಳುತ್ತದೆ. ಆಮೇಲೆ ವಸಡಿನಲ್ಲಿ ರಕ್ತ ಜಿನುಗುತ್ತದೆ, ಎಂದೋ ಮಾಯುತ್ತಿದ್ದ ಗಾಯ ಮತ್ತೆ ಒಸರುತ್ತದೆ. ಈ ವಿಷದ ಕೆಲಸ ವಿಚಿತ್ರವಾದದ್ದು. ರಕ್ತವನ್ನು ಅದು ನೇರವಾಗಿ ತೆಳುಮಾಡುವುದಿಲ್ಲ. ಮೊದಲು ಹೆಪ್ಪುಗಟ್ಟಿಸಲು ಹೊರಡುತ್ತದೆ. ನಮ್ಮ ರಕ್ತದಲ್ಲಿರುವ ಪ್ರೋಥ್ರಾಂಬಿನ್ ಎಂಬ ವಸ್ತುವನ್ನು ವಿಷದ ಕಿಣ್ವವೊಂದು ಬಿಡುವಿಲ್ಲದೆ ಚಾಲೂ ಮಾಡುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಲ್ಲ ಸಣ್ಣಸಣ್ಣದಾಗಿ ವ್ಯರ್ಥವಾಗಿ ಖರ್ಚಾಗಿ, ಕೊನೆಗೆ ಉಗ್ರಾಣ ಬರಿದಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಬಗೆಯ ಕಿಣ್ವಗಳು ಸೂಕ್ಷ್ಮ ರಕ್ತನಾಳಗಳ ಗೋಡೆಯನ್ನು ಕೊರೆದಿರುತ್ತವೆ. ಸೋರಲು ಬಾಗಿಲು ತೆರೆದಿದೆ, ಮುಚ್ಚಲು ಸಾಮಗ್ರಿ ಇಲ್ಲ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಜನ ಸಾಯುತ್ತಾರೆ. ಸಾವು ನಾಗರಹಾವಿನ ಕಡಿತದಂತೆ ಗಂಟೆಗಳ ಲೆಕ್ಕದಲ್ಲೇ ಬರಬೇಕೆಂದಿಲ್ಲ; ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತಸ್ರಾವವಾಗಿ ಎಷ್ಟೋ ದಿನಗಳ ನಂತರವೂ ಬರಬಹುದು. ಅಂದರೆ ಉಳಿಸಿಕೊಳ್ಳಲು ಸಮಯವಿದೆ. ನನ್ನನ್ನು ಹೆಚ್ಚು ಕೆಣಕುವುದು ಇದೇ. ಇಷ್ಟು ಸಮಯ ಕೊಡುವ ಹಾವು ಇಷ್ಟೊಂದು ಜನರನ್ನು ಕೊಲ್ಲಬೇಕಾದರೆ ದೋಷವೆಲ್ಲ ಹಾವಿನದಾಗಿರಲು ಸಾಧ್ಯವಿಲ್ಲ.

1970ರ ದಶಕದ ಮೊದಲ ವರ್ಷಗಳಲ್ಲಿ ನೈಜೀರಿಯಾದ ಜಾರಿಯಾ ಊರಿನ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾರೆಲ್ ಎಂಬ ಇಂಗ್ಲಿಷ್ ವೈದ್ಯರಿದ್ದರು. ಕಚ್ಚಿದ್ದು ಯಾವ ಹಾವು, ವಿಷ ಏರಿದೆಯೋ ಇಲ್ಲವೋ, ಎಷ್ಟು ಮದ್ದು ಕೊಡಬೇಕು – ಇದಕ್ಕೆಲ್ಲ ಅಲ್ಲಿ ಪ್ರಯೋಗಾಲಯದ ನೆರವು ನಿರೀಕ್ಷಿಸುವಂತಿರಲಿಲ್ಲ. ಅವರು ಮತ್ತು ಸಂಗಡಿಗರು ರೂಢಿಗೆ ತಂದ ಪರೀಕ್ಷೆಗೆ ಬೇಕಾದದ್ದು ಒಂದು ಗಾಜಿನ ಕೊಳವೆ ಮತ್ತು ಒಂದು ಗಡಿಯಾರ. ರೋಗಿಯ ಸ್ವಲ್ಪ ರಕ್ತವನ್ನು ಸ್ವಚ್ಛವಾದ, ಒಣಗಿದ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ, ಹರಿದರೆ ವಿಷ ಏರಿದೆ. ಕೊಳವೆ ಪ್ಲಾಸ್ಟಿಕ್ಕಿನದಾದರೆ ಆಗದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆರಳಿಸುವುದು ಗಾಜಿನ ಮೇಲ್ಮೈ. ಸೋಪಿನ ಪುಡಿಯಲ್ಲಿ ತೊಳೆದ ಗಾಜೂ ದಾರಿ ತಪ್ಪಿಸುತ್ತದೆ. ಮದ್ದು ಕೊಟ್ಟ ಆರು ಗಂಟೆಗೆ ಮತ್ತೆ ಇದೇ ಪರೀಕ್ಷೆ, ಯಾಕೆಂದರೆ ಖರ್ಚಾದ ಫೈಬ್ರಿನೋಜನ್ನನ್ನು ಯಕೃತ್ತು ಮತ್ತೆ ತುಂಬಿಸಲು ಅಷ್ಟು ಹೊತ್ತು ಬೇಕು. ಆಗಲೂ ರಕ್ತ ಹರಿದರೆ ಇನ್ನೊಂದು ಸುತ್ತು ಮದ್ದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಳಕು ಮಂಡಲ ಕಚ್ಚಿದವರಿಗೆ ಮಾಡುವ 20 ನಿಮಿಷದ ಪರೀಕ್ಷೆ ಇದೇ.

ಪರೀಕ್ಷೆ ಸಿಕ್ಕಿತು, ಸರಿ. ಮದ್ದು?

ಒಂದು ಹಾವಿನ ಪ್ರತಿವಿಷ ಇನ್ನೊಂದಕ್ಕೆ ಒದಗುವುದಿಲ್ಲ ಎನ್ನುವುದು ಹೊಸ ಸಂಗತಿಯೇನಲ್ಲ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರ ವಿಷದ ವಿರುದ್ಧ ಸೀರಂ ತಯಾರಿಸಿ ಅದು ಎಲ್ಲ ಹಾವುಗಳಿಗೂ ನಡೆಯುತ್ತದೆ ಎಂದು ನಂಬಿದ್ದರು. ಬ್ರೆಜಿಲಿನ ವಿಟಲ್ ಬ್ರಾಸಿಲ್ ತಮ್ಮ ದೇಶದ ಹಾವುಗಳ ಮುಂದೆ ಅದು ಸೋಲುವುದನ್ನು ಹೆಚ್ಚು ಕಾಲ ಕಳೆಯುವ ಮೊದಲೇ ತೋರಿಸಿಕೊಟ್ಟರು. ನೂರು ವರ್ಷದ ಹಿಂದೆ ಇತ್ಯರ್ಥವಾದ ಮಾತಿದು. ಆದರೂ ಆಫ್ರಿಕಾದ ಮಾರುಕಟ್ಟೆಯಲ್ಲಿ ಅದನ್ನು ಮರೆತಂತೆ ವ್ಯಾಪಾರ ನಡೆಯಿತು.

ಮಾರುಕಟ್ಟೆಯ ಲೆಕ್ಕ ಸುಲಭ. ಪ್ರತಿವಿಷ ಬೇಕಾದವರು ಹಳ್ಳಿಯ ಬಡವರು, ಕೊಳ್ಳಬೇಕಾದ ಸರ್ಕಾರಗಳ ಬಳಿ ದುಡ್ಡಿಲ್ಲ. ಹಾಗಾಗಿ ಒಳ್ಳೆಯ ಪ್ರತಿವಿಷ ಮಾಡುತ್ತಿದ್ದ ಯುರೋಪಿನ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದವು. ಆ ಖಾಲಿ ಜಾಗಕ್ಕೆ ಅಗ್ಗದ ಸೀಸೆಗಳು ಬಂದವು. ಅವುಗಳಲ್ಲಿ ಕೆಲವು ನಮ್ಮ ದೇಶದವು. ಸುಮಾರು 2004ರಲ್ಲಿ ಘಾನಾದ ಹಳ್ಳಿಗಾಡಿನಲ್ಲಿ ಫ್ರೆಂಚ್ ಪ್ರತಿವಿಷದ ಬದಲು ಭಾರತದ ಒಂದು ಉತ್ಪನ್ನ ಬಳಕೆಗೆ ಬಂತು. ಸಾವಿನ ಪ್ರಮಾಣ ಶೇ 1.8ರಿಂದ ಶೇ 12.1ಕ್ಕೆ ಏರಿತು. ಅಂದರೆ ಮದ್ದೇ ಕೊಡದಿದ್ದರೆ ಎಷ್ಟು ಜನ ಸಾಯುತ್ತಿದ್ದರೋ ಹೆಚ್ಚುಕಡಿಮೆ ಅಷ್ಟು. ಈ ಲೆಕ್ಕ 2008ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಫ್ರಿಕಾದ ಈ ಹಾವನ್ನೂ ನಮ್ಮ ಗರಗಸ ಮಂಡಲವನ್ನೂ ಬಹಳ ಕಾಲ ಎಕಿಸ್ ಕ್ಯಾರಿನೇಟಸ್ ಎಂಬ ಒಂದೇ ಹೆಸರಲ್ಲಿ ಕರೆಯುತ್ತಿದ್ದರು. ಆ ಹಳೆಯ ಗೊಂದಲದ ನೆರಳು ಈ ವ್ಯಾಪಾರದ ಮೇಲೂ ಇತ್ತು ಎಂಬುದು ನನ್ನ ಗುಮಾನಿ.

ನೈಜೀರಿಯಾ ಬೇರೆ ದಾರಿ ಹಿಡಿದಿತ್ತು. 1990ರ ದಶಕದಲ್ಲೇ ಅಲ್ಲಿನ ಆರೋಗ್ಯ ಸಚಿವಾಲಯ, ಆಕ್ಸ್‌ಫರ್ಡ್‌ನ ವಾರೆಲ್, ಲಿವರ್‌ಪೂಲಿನ ಉಷ್ಣವಲಯ ವೈದ್ಯಕೀಯ ಶಾಲೆಯ ಡೇವಿಡ್ ಥೀಕ್‌ಸ್ಟನ್ ಮೊದಲಾದವರೊಂದಿಗೆ ಸೇರಿ ಎಕಿಟ್ಯಾಬ್ ಎಂಬ ಯೋಜನೆ ಕಟ್ಟಿತು. ನಮ್ಮ ಹಾವಿನ ವಿಷದಿಂದ ನಮ್ಮ ರೋಗಿಗೆ ಮದ್ದು ಎಂಬುದು ಅದರ ಹಟ. ನೈಜೀರಿಯಾದ ಹಾವುಗಳು ಲಿವರ್‌ಪೂಲಿಗೆ ಹೋದವು. ಮಳೆ, ಮಂಜಿನ ಆ ಬಂದರು ನಗರದ ಬೆಚ್ಚನೆಯ ಪೆಟ್ಟಿಗೆಗಳಲ್ಲಿ ಅವನ್ನು ಸಾಕಿ, ವಿಷ ತೆಗೆದು, ಒಣಗಿಸಿ ಪುಡಿ ಮಾಡಿದರು. ವೇಲ್ಸ್‌ನ ಒಂದು ಪುಟ್ಟ ಕಂಪನಿ ಅದನ್ನು ಕುರಿಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳಿಂದ ಎಕಿಟ್ಯಾಬ್-ಜಿ ತಯಾರಿಸಿತು. ಇದು ಈ ಒಂದು ಹಾವಿಗೆ ಮಾತ್ರ.

ಎರಡನೆಯ ಮದ್ದು ಇನ್ನೂ ದೂರದಿಂದ ಬಂತು. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ 1970ರಿಂದ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಇದೆ, ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಲಾಭವೇ ಗುರಿಯಲ್ಲದ, ತನ್ನ ನಾಡಿನ ಹಾವುಗಳಿಗೆ ಮದ್ದು ಮಾಡಿ ಕೈ ಪಳಗಿದ ಸರ್ಕಾರಿ ಸಂಸ್ಥೆ. ಹೋಸೆ ಮರಿಯಾ ಗುಟಿಯರೆಜ್ ಮತ್ತು ಬಳಗದವರು ಅಟ್ಲಾಂಟಿಕ್‌ನ ಆಚೆಯ ಹಾವಿಗೂ ಮದ್ದು ಮಾಡಲು ಒಪ್ಪಿಕೊಂಡರು. ಕಾರ್ಪೆಟ್ ವೈಪರ್, ಪಫ್ ಆಡರ್ ಎಂಬ ದಪ್ಪ ಮಂಡಲ, ವಿಷ ಉಗಿಯುವ ಕಪ್ಪು ಕತ್ತಿನ ನಾಗರ – ಈ ಮೂರರ ವಿಷವನ್ನು ಕುದುರೆಗಳಿಗೆ ಚುಚ್ಚಿದರು. ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ಅದಕ್ಕೆ ಕ್ಯಾಪ್ರಿಲಿಕ್ ಆಮ್ಲ ಬೆರೆಸುತ್ತಾರೆ. ನಮ್ಮ ತೆಂಗಿನೆಣ್ಣೆಯಲ್ಲೂ ಇರುವ ಆಮ್ಲ ಅದು. ಬೇಡದ ಪ್ರೋಟೀನುಗಳೆಲ್ಲ ಗಸಿಯಾಗಿ ತಳಕ್ಕಿಳಿದು ಪ್ರತಿಕಾಯಗಳು ದ್ರವದಲ್ಲೇ ಉಳಿಯುತ್ತವೆ. ದುಬಾರಿ ಯಂತ್ರ ಬೇಡದ ಈ ವಿಧಾನದಿಂದಲೇ ಬಡ ದೇಶಗಳೂ ಪ್ರತಿವಿಷ ಮಾಡಬಹುದು ಎಂಬ ಧೈರ್ಯ ಬಂದದ್ದು. ಮದ್ದಿನ ಹೆಸರು ಎಕಿಟ್ಯಾಬ್-ಪ್ಲಸ್.

ಎರಡನ್ನೂ ಒರೆಗೆ ಹಚ್ಚಿದ್ದು ಕಾಲ್ಟುಂಗೊದಲ್ಲೇ, 400 ರೋಗಿಗಳ ಮೇಲೆ. ಯಾರಿಗೆ ಯಾವ ಮದ್ದು ಹೋಯಿತೆಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆ. ಅಳತೆಗೋಲು ಅದೇ ಗಾಜಿನ ಕೊಳವೆ. ಕುರಿಯ ಮದ್ದು ಒಂದು ಸೀಸೆ, ಕುದುರೆಯದು ಮೂರು ಸೀಸೆ; ಎರಡೂ ಕೆಲಸ ಮಾಡಿದವು. ಫಲಿತಾಂಶ 2010ರಲ್ಲಿ ಹೊರಬಂತು. 2014ರಲ್ಲಿ ಸನೋಫಿ ಕಂಪನಿ ತನ್ನ ಫಾವ್-ಆಫ್ರೀಕ್ ಪ್ರತಿವಿಷದ ತಯಾರಿಕೆ ನಿಲ್ಲಿಸಿದಾಗ ಇಡೀ ಖಂಡದಲ್ಲಿ ಹಾಹಾಕಾರ ಎದ್ದಿತು. ಈ ಎರಡು ಮದ್ದುಗಳು ಅಷ್ಟರಲ್ಲಿ ಸಿದ್ಧವಾಗಿದ್ದವು ಎಂಬುದೊಂದೇ ಸಮಾಧಾನ. ಸಾಕಷ್ಟು ಸಿಗುತ್ತವೆಯೇ ಎಂದರೆ, ಇಲ್ಲ. ಹಣ ತಡವಾದರೆ ಸೀಸೆಯೂ ತಡ.

ಇದೇ ಕುಲದ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಗರಗಸ ಮಂಡಲದ ವಿಷದಲ್ಲಿ ಎಕಿಸ್ಟಾಟಿನ್ ಎಂಬ ಪುಟ್ಟ ಪ್ರೋಟೀನ್ ಇದೆ; ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಅದು ತಡೆಯುತ್ತದೆ. ಅದರ ರಚನೆಯ ಸುಳಿವು ಹಿಡಿದು ಟೈರೋಫಿಬಾನ್ ಎಂಬ ಹೃದಯಾಘಾತದ ಔಷಧಿ ಬಂತು, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಹಾವಿನ ವಿಷ ಶ್ರೀಮಂತರ ಹೃದಯಕ್ಕೆ ಮದ್ದಾಗುವಾಗ ಬಂಡವಾಳಕ್ಕೆ ಕೊರತೆ ಬೀಳಲಿಲ್ಲ. ಹಾವು ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ ಕಡೆಗಣಿಸಲ್ಪಟ್ಟ ರೋಗಗಳ ಮುಖ್ಯ ಪಟ್ಟಿಗೆ ಸೇರಿಸಿದ್ದು 2017ರಲ್ಲಿ.

ನಾವು ಆಫ್ರಿಕಾದ ಕಥೆ ಕೇಳಿ ಮರುಗಿ ಸುಮ್ಮನಾಗುವಂತಿಲ್ಲ. ಭಾರತದ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, ಅಂದರೆ ಒಂದೇ ಸೀಮೆಯ ಹಾವುಗಳಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಾಲಯ ದೇಶದ ಬೇರೆಬೇರೆ ಕಡೆಯ ಹಾವುಗಳ ವಿಷವನ್ನು ಇದೇ ಮದ್ದಿನ ಎದುರು ಇಟ್ಟು ನೋಡಿತು. ಹಲವು ಕಡೆ ಮದ್ದು ತಡವರಿಸಿತು. ರಾಜಸ್ಥಾನದ ಮರಳಿನ ಗರಗಸ ಮಂಡಲ ಅವುಗಳಲ್ಲೊಂದು. ಘಾನಾಕ್ಕೆ ನಾವು ಕಳಿಸಿದ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ನಮ್ಮ ಮನೆಯೊಳಗೂ ಮಾಡುತ್ತಿದ್ದೇವೆ.

ಹಾವಿನ ಹೆಸರಿನ ಕಥೆಯೂ ಇನ್ನೂ ಮುಗಿದಿಲ್ಲ: ನೈಜೀರಿಯಾ ಕಡೆಯ ಹಾವನ್ನು 2018ರಲ್ಲಿ ಫ್ರಾನ್ಸಿನ ಹಾವು ತಜ್ಞರೊಬ್ಬರು ಎಕಿಸ್ ರೊಮಾನಿ ಎಂದು ಬೇರೆ ಪ್ರಭೇದವಾಗಿ ಗುರುತಿಸಿದ್ದಾರೆ. ಮದ್ದಿನ ಹುಡುಕಾಟವೂ ನಿಂತಿಲ್ಲ. ಲಿವರ್‌ಪೂಲಿನಲ್ಲಿ ಈಗ ಕುದುರೆ, ಕುರಿ ಎರಡನ್ನೂ ಬಿಟ್ಟು ಇನ್ನೊಂದು ಪ್ರಯತ್ನ ನಡೆದಿದೆ. ರಕ್ತ ಹಾಳುಮಾಡುವ ಆ ಕಿಣ್ವಗಳು ಕೆಲಸ ಮಾಡಬೇಕಾದರೆ ಸತುವಿನ ಅಯಾನು ಬೇಕು. ಪಾದರಸ ಸೇರಿದವರ ಮೈಯಿಂದ ಲೋಹ ಹೊರಹಾಕಲು ವೈದ್ಯರು ಬಹಳ ಕಾಲದಿಂದ ಕೊಡುತ್ತಿರುವ ಯುನಿಥಯಾಲ್ ಎಂಬ ಔಷಧಿ ಆ ಸತುವನ್ನೇ ಕಸಿದುಕೊಳ್ಳುತ್ತದೆ. ಕಾರ್ಪೆಟ್ ವೈಪರ್ ವಿಷ ಕೊಟ್ಟ ಇಲಿಗಳು ಇದರಿಂದ ಬದುಕಿದವು ಎಂದು 2020ರಲ್ಲಿ ವರದಿಯಾಯಿತು. ಬಾಯಲ್ಲಿ ನುಂಗಬಹುದಾದ ಮದ್ದು, ಶೀತಪೆಟ್ಟಿಗೆ ಬೇಡ, ಹೊಲದಿಂದ ಆಸ್ಪತ್ರೆಗೆ ಹೊರಡುವ ಮುನ್ನವೇ ಕೊಡಬಹುದು ಎಂಬುದು ಎಣಿಕೆ. ಕೀನ್ಯಾದ ಕಿಲಿಫಿಯಲ್ಲಿ ಆರೋಗ್ಯವಂತರ ಮೇಲೆ ಮೊದಲ ಹಂತದ ಪರೀಕ್ಷೆ ನಡೆದಿದೆ. ಇದು ಸತುವನ್ನು ನೆಚ್ಚಿದ ಕಿಣ್ವಗಳನ್ನು ಮಾತ್ರ ತಡೆಯಬಲ್ಲದು, ಉಳಿದ ವಿಷಕ್ಕೆ ಸೀಸೆ ಬೇಕೇ ಬೇಕು. ಆದರೆ ಕಾಲ್ಟುಂಗೊ ಆಸ್ಪತ್ರೆಗೆ ಹಳ್ಳಿಯಿಂದ ಬರುವವರ ದಾರಿ ಉದ್ದ. ದಾರಿಯಲ್ಲಿ ಕಳೆಯುವ ಆ ಗಂಟೆಗಳಿಗೆ ಇದುವರೆಗೆ ಯಾವ ಮದ್ದೂ ಇರಲಿಲ್ಲ.