ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್‌ನಿಂದ ಲಾಭವುಂಟೇ?

ಪ್ರಶ್ನೆ: ನಾವು ನಾಸಿಕ್ ಬಳಿಯ ದೇವಳಾಲಿ ಕ್ಯಾಂಪ್‌ನಲ್ಲಿದ್ದೇವೆ. ಹದಿನೆಂಟರ ಮಗ ವಯರಿಂಗ್ ಗುತ್ತಿಗೆದಾರರ ಬಳಿ ಹೆಲ್ಪರ್. ಅದನ್ನು ಬಿಟ್ಟು ಐಟಿಐಗೆ ಸೇರಿಸಬೇಕೇ?

ಉತ್ತರ: ಸೇರಿಸಿ, ಆದರೆ ಸೀಟು ಸರ್ಕಾರಿ ಐಟಿಐಯಲ್ಲಿ ಸಿಗುವಂತೆ ಮೊದಲು ಪ್ರಯತ್ನಿಸಿ. ಅಲ್ಲಿ ಫೀಸು ದೊಡ್ಡ ಹೊರೆಯಲ್ಲ. ನಿಜವಾದ ಖರ್ಚು ಎರಡು ವರ್ಷ ಕೈಬಿಡುವ ಕೂಲಿ. ಮಗ ತಿಂಗಳಿಗೆ ಮನೆಗೆ ತರುವ ಹಣವನ್ನು 24ರಿಂದ ಗುಣಿಸಿ, ಅದಕ್ಕೆ ಬಸ್ಸಿನ ಖರ್ಚು ಸೇರಿಸಿ ನೋಡಿ. ಖಾಸಗಿ ಸಂಸ್ಥೆಯಾದರೆ ಹಣ ಕಟ್ಟುವ ಮುನ್ನ ವರ್ಕ್‌ಶಾಪ್‌ಗೆ ಹೋಗಿ. ವಿದ್ಯಾರ್ಥಿಗಳೇ ಮೋಟಾರ್ ಬಿಚ್ಚಿ ವೈಂಡಿಂಗ್ ಮಾಡುತ್ತಾರೆಯೇ, ಮೆಗ್ಗರ್ ಹಿಡಿದು ಇನ್ಸುಲೇಷನ್ ಪರೀಕ್ಷಿಸುತ್ತಾರೆಯೇ, ಕಣ್ಣಾರೆ ನೋಡಿ. ಯಂತ್ರಗಳ ಮೇಲೆ ಧೂಳು ಕೂತಿದ್ದರೆ ಅಲ್ಲಿಂದ ಹೊರಟುಬಿಡಿ.

ಹೆಲ್ಪರ್‌ನ ಕೈಚಳಕ ಎಷ್ಟೇ ಚೆನ್ನಾಗಿದ್ದರೂ ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಅರ್ಜಿ ಹಾಕಲು ಅದೊಂದೇ ಸಾಲದು. ಮಾನ್ಯ ಪ್ರಮಾಣಪತ್ರ ಬೇಕು. ಅದಿದ್ದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ನಿಮ್ಮ ಆಸುಪಾಸಿನಲ್ಲೇ ಸಾತಪುರ, ಅಂಬಡ ಕೈಗಾರಿಕಾ ಪ್ರದೇಶಗಳು, ನಾಸಿಕ್ ರೋಡ್‌ನ ನೋಟು ಮುದ್ರಣಾಲಯ, ಓಝರ್‌ನ ಎಚ್‌ಎಎಲ್ ಇವೆ. ಕೋರ್ಸ್ ಮುಗಿದೊಡನೆ ಅಪ್ರೆಂಟಿಸ್‌ಗೆ ಅರ್ಜಿ ಹಾಕಿಸಿ. 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದ್ದರು. ಇದು ಆರಂಭದಲ್ಲಿ ಹೆಲ್ಪರ್ ಕೂಲಿಗಿಂತ ಕಡಿಮೆ ಅನ್ನಿಸಬಹುದು. ಅಪ್ರೆಂಟಿಸ್ ಆಗಿರುವ ಆ ಅವಧಿಯನ್ನು ಮನೆಯವರು ತಡೆದುಕೊಳ್ಳಬೇಕು. ಮಗ ಈಗ ಕಲಿತಿರುವ ಕೆಲಸ ವ್ಯರ್ಥವಾಗದು: ಪೈಪ್ ಎಳೆದು, ಬೋರ್ಡ್ ಕೂರಿಸಿದ ಹುಡುಗನಿಗೆ ಪ್ರಾಕ್ಟಿಕಲ್ ಪರೀಕ್ಷೆ ಸುಲಭ. ರಜೆಯ ದಿನಗಳಲ್ಲಿ ಅದೇ ಗುತ್ತಿಗೆದಾರರ ಜೊತೆ ಹೋಗಲಿ.