ಮ್ಯಾಟ್ ಎತ್ತಿ ನೋಡುವ ಟಿಂಕರ್

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ರಸ್ತೆಗಿಳಿದ ಕ್ವಾಲಿಸ್‌ಗೆ ಈಗ ಕಾಲು ಶತಮಾನದ ಪ್ರಾಯ. 2005ರಲ್ಲಿ ಇನ್ನೋವಾ ಅದರ ಜಾಗಕ್ಕೆ ಬಂತು. ಆದರೂ ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಕ್ವಾಲಿಸ್, ಓಮ್ನಿ, ಮಾರುತಿ 800 ಇನ್ನೂ ದುಡಿಯುತ್ತಿವೆ. ಒದ್ದೆ ಗೋಣಿ ಹೊದಿಸಿದ ಹಿಪ್ಪುನೇರಳೆ ಸೊಪ್ಪು, ಹಾಲಿನ ಕ್ಯಾನು, ಗೊಬ್ಬರದ ಮೂಟೆ ಎಲ್ಲಕ್ಕೂ ಅವುಗಳ ಹಿಂಬದಿಯೇ ಜಾಗ. ಇಂಜಿನ್ ಗಟ್ಟಿಯಾಗಿರುವಾಗಲೇ ತಳ ತೂತಾಗುತ್ತದೆ. ಆಗ ನೆನಪಾಗುವವರು ಟಿಂಕರ್.

ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬದಿಗೆ ಬಿಟ್ಟು ಹೋದರೂ ಹಳೇ ಮೈಸೂರು ರಸ್ತೆಯ ಶೆಡ್‌ಗಳಲ್ಲಿ ಸುತ್ತಿಗೆಯ ಸದ್ದು ನಿಂತಿಲ್ಲ.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ಉಪ್ಪಿನಂಶ ಸೇರಿದರೆ ಅದಕ್ಕೆ ವೇಗ. ಪೊಟ್ಯಾಷ್ ಗೊಬ್ಬರವೂ ಅಂಥದ್ದೇ ಲವಣ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಪೇಂಟ್ ಉಬ್ಬಿಕೊಳ್ಳುತ್ತದೆ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಶೀಟು ಸವೆದಿರುವುದೇ ಹೆಚ್ಚು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯಲ್ಲೇ ವಾಹನಗಳು ನೀರಲ್ಲಿ ನಿಂತವಲ್ಲ, ಅಂಥ ಕಾರಿನ ಸೀಟು ಬಿಸಿಲಿಗೆ ಒಣಗುತ್ತದೆ; ಕಾರ್ಪೆಟ್ಟಿನಡಿಯ ಫೆಲ್ಟ್ ಬೇಗ ಒಣಗುವುದಿಲ್ಲ.

ಆದ್ದರಿಂದ ಬಲ್ಲ ಟಿಂಕರ್ ಮೊದಲು ಮ್ಯಾಟ್ ಎತ್ತುತ್ತಾರೆ. ಸ್ಕ್ರೂಡ್ರೈವರ್ ಹಿಡಿಯಿಂದ ತಳವನ್ನು ತಟ್ಟುತ್ತಾ ಹೋಗುತ್ತಾರೆ. ಠಣ್ ಎನ್ನುವ ಕಡೆ ಜೀವವಿದೆ, ಮಂಕಾಗಿ ಸದ್ದು ಬಂದ ಕಡೆ ಮೊನೆಯಿಂದ ಚುಚ್ಚುತ್ತಾರೆ. ನೀರು ಬಂದದ್ದೆಲ್ಲಿಂದ ಎಂದು ಹುಡುಕುವುದೇ ಅರ್ಧ ಕೆಲಸ: ಗಾಜಿನ ಬೀಡಿಂಗ್, ಬಾಗಿಲ ರಬ್ಬರ್, ಮಣ್ಣು ಕಟ್ಟಿದ ಡ್ರೈನ್ ತೂತು. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್‌ನಲ್ಲಿ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಬಳಿದು, ಪ್ರೈಮರ್ ಹೊಡೆದರೆ ಸಾಕು. ತೂತು ಬಿದ್ದಿದ್ದರೆ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ 20 ಗೇಜ್‌ನಷ್ಟು ಶೀಟು ಕೂರಿಸಬೇಕು. ಗ್ಯಾಸ್ ವೆಲ್ಡಿಂಗ್‌ನ ಶಾಖಕ್ಕೆ ತೆಳು ಶೀಟು ಸೊಟ್ಟಗಾಗುತ್ತದೆ. ಸಿಒ2 ವೆಲ್ಡಿಂಗ್ ವಾಸಿ. ಅದಕ್ಕೂ ಮುಂಚೆ ಬ್ಯಾಟರಿ ಕಳಚಬೇಕು, ಕಾರ್ಪೆಟ್ ಪೂರ್ತಿ ತೆಗೆಯಬೇಕು, ಪೆಟ್ರೋಲ್ ಪೈಪು ಎಲ್ಲಿ ಹಾದಿದೆ ನೋಡಬೇಕು.

ಕ್ವಾಲಿಸ್‌ನ ಬಾಡಿಯ ಕೆಳಗೆ ಬೇರೆ ಚಾಸಿ ಇದೆ. ಮಾರುತಿ 800ಕ್ಕೆ ಅದಿಲ್ಲ, ತಳ ಮತ್ತು ಬಾಗಿಲಡಿಯ ರನ್ನಿಂಗ್ ಬೋರ್ಡೇ ಅದರ ಬೆನ್ನೆಲುಬು. ಅಲ್ಲಿ ಒಂದೇ ಸಲ ಉದ್ದಕ್ಕೂ ಕತ್ತರಿಸಿದರೆ ಬಾಡಿ ಬಾಗಿ ಬಾಗಿಲು ಕೂರದೇ ಹೋಗಬಹುದು. ತುಂಡುತುಂಡಾಗಿ ಕತ್ತರಿಸಿ, ಆಧಾರ ಕೊಟ್ಟು, ಒಂದೊಂದೇ ಬೆಸೆಯುವ ತಾಳ್ಮೆಗೆ ನಾವು ಕೊಡುವ ಮಜೂರಿ ಕಡಿಮೆಯೇ ಎಂದು ನನಗನ್ನಿಸುತ್ತದೆ.

ಹದಿನೈದು ವರ್ಷ ತುಂಬಿ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ನವೀಕರಿಸುವ ಮುನ್ನ ಕಾರುಗಳು ಶೆಡ್‌ಗೆ ಬರುತ್ತವೆ. ಮಾಲೀಕರು ಕೇಳುವುದು ಹೊಳಪು. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ, ಅಡಿಗೆ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಶೀಟನ್ನು ಇನ್ನೂ ಬೇಗ ತಿನ್ನುತ್ತದೆ. ಹಾಗಾಗಿ ಕಾರು ಬಿಟ್ಟುಬರುವಾಗ ಪ್ರೈಮರ್ ಹೊಡೆಯುವ ಮುಂಚೆ ಒಮ್ಮೆ ಕರೆಯಲು ಹೇಳಿಬನ್ನಿ, ಹೋಗಿ ಬರಿಯ ಲೋಹವನ್ನು ಕಣ್ಣಾರೆ ನೋಡಿ.